ವಿಮ್ ಎಡಿಟರ್‌ನಲ್ಲಿ ಇಂಡೆಂಟ್ (ಸಾಲಿನ ಆರಂಭದ ಖಾಲಿ ಜಾಗ) 2 ಎಂದರೆ ಪೈಥಾನ್‌ಗೆ 4, ಜೇಸನ್‌ಗೆ ಟ್ಯಾಬ್. ನನ್ನ ಸೆಟ್ಟಿಂಗ್‌ಗೆ ಬೆಲೆಯೇ ಇಲ್ಲವೇ?

ಅಡಕೆತೋಟ:
ಎಲ್ಲರಿಗೂ ನಮಸ್ಕಾರ. ಒಂದು ಮುಕ್ತ ತಂತ್ರಾಂಶದ ಕನ್ನಡ ಅನುವಾದದಲ್ಲಿ ಕೈಜೋಡಿಸಿದ್ದೇನೆ. ಅನುವಾದದ ಸಾಲುಗಳೆಲ್ಲ ಜೇಸನ್ (ದತ್ತಾಂಶ ಬರೆದಿಡುವ ಒಂದು ಪಠ್ಯರೂಪ) ಫೈಲ್‌ಗಳಲ್ಲಿವೆ. ಅವುಗಳನ್ನು ಪರೀಕ್ಷಿಸಲು ಸಣ್ಣಪುಟ್ಟ ಪೈಥಾನ್ ಸ್ಕ್ರಿಪ್ಟ್‌ಗಳೂ ಇವೆ. ಎಡಿಟರ್ ವಿಮ್ 9, ಉಬುಂಟುವಿನ ಟರ್ಮಿನಲ್‌ನಲ್ಲಿ.

ವಿಮ್‌ನ ಸೆಟ್ಟಿಂಗ್ ಫೈಲ್ ಆದ ವಿಮ್‌ಆರ್‌ಸಿಯಲ್ಲಿ ಟ್ಯಾಬ್‌ಸ್ಟಾಪ್ 2 (ಟ್ಯಾಬ್‌ನ ಅಗಲ), ಶಿಫ್ಟ್‌ವಿಡ್ತ್ 2 (ಒಂದು ಇಂಡೆಂಟ್‌ನ ಅಗಲ), ಎಕ್ಸ್‌ಪ್ಯಾಂಡ್‌ಟ್ಯಾಬ್ (ಟ್ಯಾಬ್ ಬದಲು ಸ್ಪೇಸ್) ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ಫೈಲ್‌ನ ಬಗೆಗೆ ತಕ್ಕ ಸೆಟ್ಟಿಂಗ್ ಹಾಕಿಸುವ ಫೈಲ್‌ಟೈಪ್ ಪ್ಲಗಿನ್ ಇಂಡೆಂಟ್ ಆನ್ ಎಂಬ ಸಾಲೂ ಇದೆ. ಆದರೂ ಪೈಥಾನ್ ಫೈಲ್ ತೆರೆದರೆ ಟ್ಯಾಬ್ ಒತ್ತಿದಾಗ ನಾಲ್ಕು ಸ್ಪೇಸ್ ಬೀಳುತ್ತವೆ. ಜೇಸನ್‌ನಲ್ಲಿ ಸ್ಪೇಸ್ ಬದಲು ನಿಜವಾದ ಟ್ಯಾಬ್ ಅಕ್ಷರವೇ ಕೂರುತ್ತದೆ. ನನ್ನ ಪರದೆಯಲ್ಲಿ ಎರಡೂ ಒಂದೇ ಥರ ಕಾಣುವುದರಿಂದ ಗೊತ್ತಾಗಲಿಲ್ಲ. ವಿಮರ್ಶೆ ಮಾಡುವವರು ಇಡೀ ಫೈಲ್ ಬದಲಾದಂತೆ ಕೆಂಪು ಹಸಿರಾಗಿದೆ ಎಂದು ವಾಪಸು ಕಳಿಸಿದರು. ಇನ್ನೂ ಒಂದು ವಿಚಿತ್ರ: ಪೈಥಾನ್‌ನಲ್ಲಿ ಇಫ್ ಸಾಲಿನ ಕೊನೆಗೆ ಕೋಲನ್ ಹಾಕಿ ಎಂಟರ್ ಒತ್ತಿದರೆ ಕರ್ಸರ್ ಒಳಸರಿಯುವುದಿಲ್ಲ, ಎಡ ಅಂಚಿಗೇ ಬಂದು ನಿಲ್ಲುತ್ತದೆ.

ಇದರ ಮೇಲೆ ಕನ್ನಡ ಪದ ಆಯ್ಕೆ ಮಾಡಹೊರಟರೆ ಅರ್ಧ ಪದವೇ ಸಿಗುತ್ತದೆ. ಎಲ್ಲಿಂದ ಹುಡುಕಲಿ?

ಚುಕ್ಕಿಚಂದ್ರ:
ವಿಮ್ ಬಿಟ್ಟು ವಿಎಸ್ ಕೋಡ್ ಎಡಿಟರ್ ಹಾಕಿಕೊಳ್ಳಿ. ಮುಗಿಯಿತು.

ಹಳೆಯಟರ್ಮಿನಲ್:
ಬಂದರಪ್ಪ. ಕಾಲು ನೋವು ಎಂದವರಿಗೆ ಊರು ಬಿಡಿ ಎನ್ನುವ ವೈದ್ಯರು.

ಅಡಕೆತೋಟ ಅವರೇ, ಪೈಥಾನ್‌ನ 4 ಎಲ್ಲಿಂದ ಬಂತು ಎಂಬುದು ಸುಲಭದ ಪ್ರಶ್ನೆ. ನಿಮ್ಮ ವಿಮ್‌ಆರ್‌ಸಿ ಓದಿ ಮುಗಿದ ಮೇಲೆ ಫೈಲ್‌ಟೈಪ್ ಪ್ಲಗಿನ್ ಓಡುತ್ತದೆ. ವಿಮ್ ಜೊತೆಗೇ ಬರುವ ಪೈಥಾನ್ ಪ್ಲಗಿನ್, ಪೈಥಾನ್‌ನ ಶೈಲಿ ಮಾರ್ಗಸೂಚಿ ಪೆಪ್ 8 ಹೇಳಿದಂತೆ, ಎಕ್ಸ್‌ಪ್ಯಾಂಡ್‌ಟ್ಯಾಬ್ ಹಾಕಿ ಶಿಫ್ಟ್‌ವಿಡ್ತ್ 4, ಸಾಫ್ಟ್‌ಟ್ಯಾಬ್‌ಸ್ಟಾಪ್ (ಟ್ಯಾಬ್ ಒತ್ತಿದಾಗ ಬೀಳುವ ಜಾಗ) 4 ಎಂದು ಆ ಫೈಲ್‌ಗೆ ಮಾತ್ರ ಬರೆದುಬಿಡುತ್ತದೆ. ಕೊನೆಗೆ ಹೇಳಿದವರ ಮಾತೇ ನಡೆಯುತ್ತದೆ. ನಿಮಗೆ 2 ಬೇಕೇ ಬೇಕು ಎಂದರೆ ಮನೆ ಡೈರೆಕ್ಟರಿಯ ಡಾಟ್‌ವಿಮ್ ಒಳಗೆ ಆಫ್ಟರ್, ಅದರೊಳಗೆ ಎಫ್‌ಟಿಪ್ಲಗಿನ್ ಎಂಬ ಫೋಲ್ಡರ್ ಮಾಡಿ, ಪೈಥಾನ್ ಡಾಟ್ ವಿಮ್ ಎಂಬ ಫೈಲ್ ಇಟ್ಟು, ಸೆಟ್‌ಲೋಕಲ್ ಬಳಸಿ ಬರೆಯಿರಿ. ಸೆಟ್ ಅಲ್ಲ, ಸೆಟ್‌ಲೋಕಲ್. ಇಲ್ಲದಿದ್ದರೆ ಒಂದು ಪೈಥಾನ್ ಫೈಲ್ ತೆರೆದ ನಂತರ ಮುಂದೆ ತೆರೆಯುವ ಫೈಲ್‌ಗಳಿಗೂ ಅದೇ ಅಂಟಿಕೊಳ್ಳುತ್ತದೆ.

ಆದರೆ ಪೈಥಾನ್‌ಗೆ 2 ಯಾಕೆ? 4 ಇರಲಿ ಬಿಡಿ.

ಅಡಕೆತೋಟ:
ಸರಿ ಸರ್, ಪೈಥಾನ್‌ಗೆ 4 ಒಪ್ಪಿದೆ. ಆದರೆ ಜೇಸನ್‌ನ ಟ್ಯಾಬ್?

ಹಳೆಯಟರ್ಮಿನಲ್:
ಜೇಸನ್ ಫೈಲ್ ತೆರೆದಿಟ್ಟು, ಕೋಲನ್ ಹಾಕಿ ವರ್ಬೋಸ್ ಸೆಟ್ ಎಕ್ಸ್‌ಪ್ಯಾಂಡ್‌ಟ್ಯಾಬ್ ಎಂದು ಬರೆದು, ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಈಗಿನ ಬೆಲೆ ಏನು, ಅದನ್ನು ಕೊನೆಯದಾಗಿ ಇಟ್ಟದ್ದು ಯಾವ ಫೈಲ್‌ನ ಯಾವ ಸಾಲು ಎಂದು ತೋರಿಸುತ್ತದೆ. ವಿಮ್‌ಆರ್‌ಸಿಗೆ ಇನ್ನೊಂದು ಸಾಲು ತುರುಕುವ ಮೊದಲು ಎಲ್ಲರೂ ಇದನ್ನು ಮಾಡಬೇಕು. ಯಾರೂ ಮಾಡುವುದಿಲ್ಲ.

ಲ್ಯಾಬ್‌ಮೇಡಂ:
ಈ ಸಾಲನ್ನು ನಮ್ಮ ಪ್ರಯೋಗಾಲಯದ ಗೋಡೆಗೆ ಅಂಟಿಸುತ್ತೇನೆ. ಹುಡುಗರು ಯಾವುದೋ ಜಾಲತಾಣದಿಂದ ಮುನ್ನೂರು ಸಾಲಿನ ವಿಮ್‌ಆರ್‌ಸಿ ತಂದು ಹಾಕಿಕೊಂಡು, ನಂತರ ಬಣ್ಣ ಬರುತ್ತಿಲ್ಲ, ಬ್ಯಾಕ್‌ಸ್ಪೇಸ್ ಕೆಲಸ ಮಾಡುತ್ತಿಲ್ಲ ಎಂದು ಸರದಿಯಲ್ಲಿ ನಿಲ್ಲುತ್ತಾರೆ.

ಅಡಕೆತೋಟ:
ಮಾಡಿ ನೋಡಿದೆ. ಈಗ ತಲೆ ಇನ್ನೂ ಕೆಟ್ಟಿತು. ನೋಎಕ್ಸ್‌ಪ್ಯಾಂಡ್‌ಟ್ಯಾಬ್ ಎಂದು ತೋರಿಸುತ್ತದೆ. ಕೆಳಗೆ, ಕೊನೆಯದಾಗಿ ಇಟ್ಟದ್ದು ನನ್ನದೇ ವಿಮ್‌ಆರ್‌ಸಿಯ ಇಂಥ ಸಾಲು ಎನ್ನುತ್ತದೆ. ಆ ಸಾಲಿಗೆ ಹೋದರೆ ಅಲ್ಲಿ ಎಕ್ಸ್‌ಪ್ಯಾಂಡ್‌ಟ್ಯಾಬ್ ಎಂದೇ ಇದೆ! ಆನ್ ಮಾಡಿದ ಸಾಲನ್ನೇ ತೋರಿಸಿ ಆಫ್ ಆಗಿದೆ ಎನ್ನುವುದು ಯಾವ ನ್ಯಾಯ?

ಚುಕ್ಕಿಚಂದ್ರ:
ಅದಕ್ಕೇ ಹೇಳಿದ್ದು.

ಬಸವನಹುಳು:
ವಿಮ್ ಸುಳ್ಳು ಹೇಳಲು ಕಲಿತಿದೆ. ಈಮ್ಯಾಕ್ಸ್ ಹಾಗೆಲ್ಲ ಮಾಡುವುದಿಲ್ಲ.

ಹಳೆಯಟರ್ಮಿನಲ್:
ಬಸವನಹುಳು ಅವರೇ, ಇಂಡೆಂಟ್‌ಗೆ ಟ್ಯಾಬನ್ನೂ ಸ್ಪೇಸನ್ನೂ ಬೆರೆಸುವುದನ್ನೇ ಮೂಲ ಸೆಟ್ಟಿಂಗ್ ಮಾಡಿಕೊಂಡ ಎಡಿಟರ್ ನಿಮ್ಮದು. ಇಂಡೆಂಟ್ ಟ್ಯಾಬ್ಸ್ ಮೋಡ್ ಅನ್ನು ನಿಲ್ ಮಾಡದ ಈಮ್ಯಾಕ್ಸ್‌ನಿಂದ ಬಂದ ಫೈಲ್‌ಗಳನ್ನು ನಾನು ಬಹಳ ಕಂಡಿದ್ದೇನೆ.

ಅಡಕೆತೋಟ ಅವರೇ, ಒಂದು ಪ್ರಶ್ನೆ. ಐ ಒತ್ತಿ ಇನ್ಸರ್ಟ್ ಮೋಡ್‌ಗೆ ಹೋದಾಗ ಪರದೆಯ ಕೆಳತುದಿಯಲ್ಲಿ ಏನು ಬರೆದಿರುತ್ತದೆ? ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಅಡಕೆತೋಟ:
ಇನ್ಸರ್ಟ್ ಎಂದು ಇದೆ. ಅದರ ಪಕ್ಕ ಆವರಣದೊಳಗೆ ಪೇಸ್ಟ್ ಎಂದಿದೆ. ಅದು ಯಾವಾಗಲೂ ಇರುತ್ತದೆಯಲ್ಲ?

ಹಳೆಯಟರ್ಮಿನಲ್:
ಇರಬಾರದು! ಕಳ್ಳ ಸಿಕ್ಕ. ನಿಮ್ಮ ವಿಮ್‌ಆರ್‌ಸಿಯಲ್ಲಿ ಕೆಳಗೆಲ್ಲೋ ಸೆಟ್ ಪೇಸ್ಟ್ ಎಂಬ ಸಾಲು ಇದೆ, ಹುಡುಕಿ.

ಪೇಸ್ಟ್ ಆನ್ ಆದ ಕ್ಷಣ ವಿಮ್ ಹಲವು ಸೆಟ್ಟಿಂಗ್‌ಗಳನ್ನು ಸದ್ದಿಲ್ಲದೆ ಆರಿಸುತ್ತದೆ: ಎಕ್ಸ್‌ಪ್ಯಾಂಡ್‌ಟ್ಯಾಬ್, ಆಟೊಇಂಡೆಂಟ್, ಸ್ಮಾರ್ಟ್‌ಇಂಡೆಂಟ್. ಸಾಫ್ಟ್‌ಟ್ಯಾಬ್‌ಸ್ಟಾಪ್ ಸೊನ್ನೆಯಾಗುತ್ತದೆ. ಇನ್ಸರ್ಟ್ ಮೋಡ್‌ನ ಮ್ಯಾಪಿಂಗ್‌ಗಳೂ ನಿಲ್ಲುತ್ತವೆ. ಇದು ಅಡ್ಡಪರಿಣಾಮವಾಗಿ ಆಗುವ ಬದಲಾವಣೆಯಾದ್ದರಿಂದ ವರ್ಬೋಸ್‌ನ ಲೆಕ್ಕಕ್ಕೆ ಬರುವುದಿಲ್ಲ. ಅದು ನೀವು ಕೈಯಾರೆ ಬರೆದ ಸಾಲನ್ನೇ ತೋರಿಸುತ್ತದೆ.

ಈಗ ನಿಮ್ಮ ದೂರುಗಳನ್ನು ಜೋಡಿಸಿ ನೋಡಿ. ಜೇಸನ್‌ನ ಫೈಲ್‌ಟೈಪ್ ಪ್ಲಗಿನ್ ಎಕ್ಸ್‌ಪ್ಯಾಂಡ್‌ಟ್ಯಾಬನ್ನು ಮುಟ್ಟುವುದಿಲ್ಲ, ಹಾಗಾಗಿ ಅಲ್ಲಿ ಟ್ಯಾಬ್ ಉಳಿಯಿತು. ಪೈಥಾನ್ ಪ್ಲಗಿನ್ ಅದನ್ನು ಮತ್ತೆ ಆನ್ ಮಾಡುತ್ತದೆ, ಹಾಗಾಗಿ ಅಲ್ಲಿ ಸ್ಪೇಸ್ ಬಂತು. ಆದರೆ ಪೇಸ್ಟ್ ಇರುವಾಗ ಹೊಸ ಸಾಲಿನ ಇಂಡೆಂಟ್ ಲೆಕ್ಕ ಹಾಕುವ ಇಂಡೆಂಟ್‌ಎಕ್ಸ್‌ಪ್ರೆಷನ್ ಓಡುವುದೇ ಇಲ್ಲ, ಹಾಗಾಗಿ ಕೋಲನ್ ನಂತರ ಎಂಟರ್ ಒತ್ತಿದರೂ ಕರ್ಸರ್ ಎಡ ಅಂಚಿನಲ್ಲೇ. ಜೇಸನ್‌ನ ಟ್ಯಾಬ್‌ಗೂ ಈ ಎಡ ಅಂಚಿಗೂ ಒಬ್ಬನೇ ಅಪರಾಧಿ.

ಅಡಕೆತೋಟ:
ಇದೆ ಸರ್! ಎಕ್ಸ್‌ಪ್ಯಾಂಡ್‌ಟ್ಯಾಬ್‌ನ ಕೆಳಗೇ ಇತ್ತು. ಕಚೇರಿಯ ಹಿರಿಯ ಸಹೋದ್ಯೋಗಿ ಕೊಟ್ಟ ಫೈಲ್ ಇದು, ಕೋಡ್ ಅಂಟಿಸಿದಾಗ ಮೆಟ್ಟಿಲು ಮೆಟ್ಟಿಲಾಗಿ ಸರಿದುಹೋಗದಿರಲಿ ಎಂದು ಹಾಕಿದ್ದರಂತೆ. ಅಳಿಸಿದೆ. ಜೇಸನ್‌ಗೆ ಎರಡು ಸ್ಪೇಸ್, ಪೈಥಾನ್‌ನಲ್ಲಿ ಒಳಸರಿಯುವಿಕೆ, ಎಲ್ಲವೂ ಬಂತು. ಆದರೆ ಈಗ ಅಂಟಿಸಿದರೆ ಮೆಟ್ಟಿಲಾಗುವುದಿಲ್ಲವೇ?

ಸಾಗರದಾಚೆ:
ವಿಮ್ 8ರಿಂದ ಬ್ರ್ಯಾಕೆಟೆಡ್ ಪೇಸ್ಟ್ ಇದೆ. ಟರ್ಮಿನಲ್ ಅದನ್ನು ಬೆಂಬಲಿಸಿದರೆ, ಅಂಟಿಸಿದ್ದು ಯಾವುದು, ಬೆರಳಿನಿಂದ ಒತ್ತಿದ್ದು ಯಾವುದು ಎಂದು ವಿಮ್‌ಗೆ ತಾನೇ ತಿಳಿಯುತ್ತದೆ. ಸೆಟ್ ಪೇಸ್ಟ್ ಎಂಬುದು ಹಳೆಯ ಕಾಲದ ಊರುಗೋಲು. ತೀರಾ ಬೇಕಾದರೆ ಪೇಸ್ಟ್‌ಟಾಗಲ್‌ಗೆ ಒಂದು ಕೀಲಿ ಕೊಟ್ಟು, ಬೇಕೆಂದಾಗ ಮಾತ್ರ ಒತ್ತಿ.

ನೋಟ್‌ಪ್ಯಾಡ್‌ಪ್ರೇಮಿ:
ಇಷ್ಟೆಲ್ಲ ಪತ್ತೇದಾರಿಕೆ ಯಾಕೆ ಎಂದು ನನಗೆ ಅರ್ಥವಾಗುವುದಿಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ ಸ್ಪೇಸ್ ಎಂದು ಗುರುತು ಹಾಕಿದರೆ ಆಯಿತು. ಈಗಾಗಲೇ ಟ್ಯಾಬ್ ತುಂಬಿದ ಫೈಲ್‌ಗೆ ಎಡಿಟ್ ಮೆನುವಿನ ಬ್ಲ್ಯಾಂಕ್ ಆಪರೇಷನ್ಸ್‌ನಲ್ಲಿ ಟ್ಯಾಬ್ ಟು ಸ್ಪೇಸ್ ಇದೆ. ಆಲ್ಟ್ ಒತ್ತಿ ಮೌಸ್ ಎಳೆದರೆ ಕಂಬದಂತೆ ಆಯ್ಕೆಯೂ ಆಗುತ್ತದೆ.

ಹಳೆಯಟರ್ಮಿನಲ್:
ಟ್ಯಾಬ್‌ಗಳನ್ನು ಸ್ಪೇಸ್ ಮಾಡಲು ವಿಮ್‌ನಲ್ಲೂ ಕೋಲನ್ ರೀಟ್ಯಾಬ್ ಇದೆ. ಕಂಟ್ರೋಲ್-ವಿ ಒತ್ತಿದರೆ ಕಂಬದ ಆಯ್ಕೆಯೂ ಇದೆ. ಆದರೆ ಎಚ್ಚರ, ರೀಟ್ಯಾಬ್ ಸಾಲಿನ ಆರಂಭದ ಟ್ಯಾಬ್‌ಗಳನ್ನು ಮಾತ್ರವಲ್ಲ, ಉದ್ಧರಣೆಯೊಳಗಿನ ಟ್ಯಾಬ್‌ಗಳನ್ನೂ ಬದಲಾಯಿಸುತ್ತದೆ. ಪ್ರೋಗ್ರಾಂ ಕಟ್ಟುವ ಮೇಕ್ ತಂತ್ರಾಂಶಕ್ಕೆ ಸೂಚನೆ ಬರೆದಿಡುವ ಮೇಕ್‌ಫೈಲ್ ಮೇಲಂತೂ ಓಡಿಸಲೇಬೇಡಿ.

ಲ್ಯಾಬ್‌ಮೇಡಂ:
ಮೇಕ್‌ಫೈಲ್ ಹೆಸರೆತ್ತಬೇಡಿ, ಎದೆ ಧಸಕ್ ಎನ್ನುತ್ತದೆ. ಪ್ರತಿ ಸೆಮಿಸ್ಟರ್ ಅದೇ ಕಥೆ: ಮಿಸ್ಸಿಂಗ್ ಸೆಪರೇಟರ್, ಸ್ಟಾಪ್. ಹುಡುಗರು ಪರದೆಯನ್ನು ದಿಟ್ಟಿಸುತ್ತಾರೆ, ಸಾಲು ಸರಿಯಾಗಿಯೇ ಇದೆಯಲ್ಲ ಮೇಡಂ ಎನ್ನುತ್ತಾರೆ. ಸರಿಯಾಗಿಯೇ ಕಾಣುತ್ತದೆ! ಟ್ಯಾಬ್ ಇರಬೇಕಾದಲ್ಲಿ ಸ್ಪೇಸ್ ಇರುತ್ತದೆ ಅಷ್ಟೇ. ಪೈಥಾನ್‌ಗೆ ಸ್ಪೇಸ್ ಹಾಕಿ ಎಂದು ಬೆಳಗಿನ ಬ್ಯಾಚ್‌ಗೆ ಹೇಳಿ, ಮಧ್ಯಾಹ್ನ ಸಿ ಬ್ಯಾಚ್‌ಗೆ ಮೇಕ್‌ಫೈಲ್‌ನಲ್ಲಿ ಟ್ಯಾಬ್ ಹಾಕಿ ಎಂದು ಹೇಳುವಾಗ ನನಗೇ ನಗು ಬರುತ್ತದೆ.

ಸಾಗರದಾಚೆ:
ಮೇಡಂ, ಅದರ ಹಿಂದೆ ಒಂದು ಕಥೆ ಇದೆ. ಮೇಕ್ ಅನ್ನು 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬರೆದವರು ಸ್ಟುವರ್ಟ್ ಫೆಲ್ಡ್‌ಮನ್. ಟ್ಯಾಬ್‌ನ ಈ ನಿಯಮ ಸರಿಯಿಲ್ಲ ಎಂದು ಅವರಿಗೆ ಬೇಗನೆ ಅನಿಸಿತ್ತು. ಆದರೆ ಅಷ್ಟರಲ್ಲಿ ಒಂದು ಡಜನ್‌ನಷ್ಟು ಬಳಕೆದಾರರು ಸೇರಿಕೊಂಡಿದ್ದರು, ಅವರಿಗೆ ತೊಂದರೆ ಯಾಕೆ ಎಂದು ಹಾಗೇ ಬಿಟ್ಟರಂತೆ. ಆ ಹನ್ನೆರಡು ಜನರ ದಾಕ್ಷಿಣ್ಯಕ್ಕೆ ಜಗತ್ತೆಲ್ಲ ಇಂದಿಗೂ ತೆರಿಗೆ ಕಟ್ಟುತ್ತಿದೆ.

ಜಿಎನ್‌ಯು ಮೇಕ್ 3.82ರಲ್ಲಿ, ಅಂದರೆ 2010ರಲ್ಲಿ, ಟ್ಯಾಬ್ ಬದಲು ಬೇರೆ ಚಿಹ್ನೆ ಇಟ್ಟುಕೊಳ್ಳಲು ರೆಸಿಪಿಪ್ರಿಫಿಕ್ಸ್ ಎಂಬ ವೇರಿಯೆಬಲ್ ತಂದರು. ಬಳಸುವವರನ್ನು ನಾನಂತೂ ಕಂಡಿಲ್ಲ.

ಹಳೆಯಟರ್ಮಿನಲ್:
ವಿಮ್‌ನ ಮೇಕ್ ಪ್ಲಗಿನ್ ತಾನಾಗಿಯೇ ನೋಎಕ್ಸ್‌ಪ್ಯಾಂಡ್‌ಟ್ಯಾಬ್ ಹಾಕುತ್ತದೆ ಮೇಡಂ. ಹುಡುಗರು ಫೈಲ್‌ಟೈಪ್ ಪ್ಲಗಿನ್ ಸಾಲು ಹಾಕಿದ್ದಾರೆಯೇ ನೋಡಿ. ಜೊತೆಗೆ ಸೆಟ್ ಲಿಸ್ಟ್ ಎಂದು ಕೊಟ್ಟು, ಲಿಸ್ಟ್‌ಚಾರ್ಸ್‌ನಲ್ಲಿ ಟ್ಯಾಬ್‌ಗೆ ಒಂದು ಬಾಣದ ಗುರುತು ಕೊಡಿಸಿ. ಕಣ್ಣಿಗೆ ಕಂಡ ಮೇಲೆ ವಾದವಿಲ್ಲ.

ಚುಕ್ಕಿಚಂದ್ರ:
ನನ್ನನ್ನು ಹೀಯಾಳಿಸಿದ್ದು ಸಾಕು. ವಿಎಸ್ ಕೋಡ್‌ನಲ್ಲೂ ಇದೇ ತಾಪತ್ರಯ ಇದೆ ಎಂದು ನ್ಯಾಯವಾಗಿ ಒಪ್ಪುತ್ತೇನೆ. ಟ್ಯಾಬ್‌ಸೈಜ್ 2 ಎಂದು ಬರೆದರೂ 4 ಬರುತ್ತದೆ ಎಂಬ ದೂರು ಅಲ್ಲಿಯೂ ದಿನವೂ ಬರುತ್ತದೆ. ಕಾರಣ ಡಿಟೆಕ್ಟ್ ಇಂಡೆಂಟೇಶನ್. ಅದು ಮೊದಲಿನಿಂದಲೇ ಆನ್ ಇರುತ್ತದೆ, ತೆರೆದ ಫೈಲನ್ನು ನೋಡಿ ತಾನೇ ಊಹಿಸಿ ನಿಮ್ಮ ಸೆಟ್ಟಿಂಗನ್ನು ಬದಿಗೆ ಸರಿಸುತ್ತದೆ. ಕೆಳಗೆ ಬಲತುದಿಯಲ್ಲಿ ಸ್ಪೇಸಸ್ 4 ಎಂದು ಕಾಣುವುದರ ಮೇಲೆ ಒತ್ತಿದರೆ ಆ ಫೈಲ್‌ಗೆ ಬದಲಾಯಿಸಬಹುದು, ಇದ್ದ ಟ್ಯಾಬ್‌ಗಳನ್ನು ಸ್ಪೇಸ್ ಮಾಡಿಸಲೂಬಹುದು. ಆ ಆಯ್ಕೆಯನ್ನು ನಾನು ಆಫ್ ಮಾಡುವುದಿಲ್ಲ. ಬೇರೆಯವರ ಫೈಲ್‌ಗೆ ಹೋದಾಗ ಅವರ ರೀತಿಯನ್ನೇ ಅನುಸರಿಸುವುದು ಮರ್ಯಾದೆ.

ಬಸವನಹುಳು:
ಮೊದಲ ಬಾರಿಗೆ ನಿಮ್ಮ ಮಾತಿಗೆ ತಲೆದೂಗಿದೆ.

ಸಾಗರದಾಚೆ:
ಇದಕ್ಕೆ ಸರಿಯಾದ ಉತ್ತರ ಎಡಿಟರ್‌ಕಾನ್ಫಿಗ್. ಯಾವ ಎಡಿಟರ್ ಆದರೂ ಒಂದೇ ಇಂಡೆಂಟ್ ಪಾಲಿಸಲಿ ಎಂದು ಪ್ರಾಜೆಕ್ಟ್‌ನ ಮೂಲ ಫೋಲ್ಡರ್‌ನಲ್ಲಿ ಇಡುವ ಡಾಟ್ ಎಡಿಟರ್‌ಕಾನ್ಫಿಗ್ ಎಂಬ ಪುಟ್ಟ ಫೈಲ್. ಮೇಲೆ ರೂಟ್ ಈಕ್ವಲ್ಸ್ ಟ್ರೂ. ಕೆಳಗೆ ಜೇಸನ್‌ಗೆ ಇಂಡೆಂಟ್ ಸ್ಟೈಲ್ ಸ್ಪೇಸ್, ಇಂಡೆಂಟ್ ಸೈಜ್ 2, ಪೈಥಾನ್‌ಗೆ 4, ಮೇಕ್‌ಫೈಲ್‌ಗೆ ಟ್ಯಾಬ್. ವಿಮ್‌ನಿಂದ ಕವಲೊಡೆದ ನಿಯೋವಿಮ್ 0.9ರಿಂದ ಇದನ್ನು ತಾನೇ ಓದುತ್ತದೆ. ವಿಮ್ 9.1ರ ಜೊತೆ ಪ್ಲಗಿನ್ ಬರುತ್ತದೆ, ಪ್ಯಾಕ್‌ಆ್ಯಡ್ ಎಡಿಟರ್‌ಕಾನ್ಫಿಗ್ ಎಂದರೆ ಸಾಕು. ವಿಎಸ್ ಕೋಡ್‌ಗೆ ಒಂದು ಎಕ್ಸ್‌ಟೆನ್ಷನ್ ಹಾಕಬೇಕು. ಅಡಕೆತೋಟ ಅವರ ಅನುವಾದ ತಂಡ ಇದನ್ನು ಮೊದಲೇ ಇಟ್ಟಿದ್ದರೆ ಕೆಂಪು ಹಸಿರಿನ ಜಗಳವೇ ಇರುತ್ತಿರಲಿಲ್ಲ.

ನೋಟ್‌ಪ್ಯಾಡ್‌ಪ್ರೇಮಿ:
ಅದಕ್ಕಿಂತ ಪ್ರತಿ ಫೈಲ್‌ನ ಕೊನೆಗೆ ಎಡಿಟರ್‌ಗೆ ಸೆಟ್ಟಿಂಗ್ ಹೇಳುವ ಮೋಡ್‌ಲೈನ್ ಎಂಬ ಸಾಲು ಬರೆಯುವುದು ಸುಲಭ ಎಂದು ಕೇಳಿದ್ದೇನೆ. ವಿಮ್ ಅದನ್ನು ಓದುತ್ತದೆಯಲ್ಲ?

ಹಳೆಯಟರ್ಮಿನಲ್:
ಜೇಸನ್‌ನಲ್ಲಿ ಕಾಮೆಂಟ್ ಬರೆಯುವುದಕ್ಕೇ ಅವಕಾಶವಿಲ್ಲ, ಮೋಡ್‌ಲೈನ್ ಎಲ್ಲಿ ಇಡುತ್ತೀರಿ? ಇನ್ನೊಂದು, 2019ರಲ್ಲಿ ಮೋಡ್‌ಲೈನ್ ಮೂಲಕ ಬೇಕಾದ ಆಜ್ಞೆ ಓಡಿಸಬಹುದಾದ ದೋಷ ವಿಮ್‌ನಲ್ಲೂ ನಿಯೋವಿಮ್‌ನಲ್ಲೂ ಸಿಕ್ಕಿತ್ತು. ಅದನ್ನು ಸರಿಪಡಿಸಿದರು. ಡೆಬಿಯನ್‌ನಲ್ಲಿ ಮೋಡ್‌ಲೈನ್ ಮೊದಲಿನಿಂದಲೇ ಆಫ್. ಗುರುತಿಲ್ಲದವರ ಫೈಲ್ ತೆರೆದ ಮಾತ್ರಕ್ಕೆ ಅದು ನನ್ನ ಎಡಿಟರ್‌ಗೆ ಆದೇಶ ಕೊಡುವುದು ನನಗೆ ಮೊದಲಿನಿಂದಲೂ ಹಿಡಿಸಿಲ್ಲ.

ಚುಕ್ಕಿಚಂದ್ರ:
ಎಲ್ಲರೂ ಸ್ಪೇಸ್ ಸ್ಪೇಸ್ ಎನ್ನುತ್ತಿದ್ದೀರಿ. ಟ್ಯಾಬ್‌ನ ಪರ ಒಂದು ಮಾತು. ಗೋ ಭಾಷೆಯ ಕೋಡನ್ನು ಒಪ್ಪವಾಗಿ ಜೋಡಿಸುವ ಗೋಫಮ್ಟ್ ಟ್ಯಾಬ್‌ನಿಂದಲೇ ಇಂಡೆಂಟ್ ಮಾಡುತ್ತದೆ. ಲಿನಕ್ಸ್ ಕರ್ನಲ್‌ನಲ್ಲಿ ಎಂಟು ಅಕ್ಷರ ಅಗಲದ ಟ್ಯಾಬ್. ಬ್ರೈಲ್ ಪಟ್ಟಿಯ ಮೇಲೆ ಕೋಡ್ ಓದುವವರಿಗೆ ನಾಲ್ಕು ಸ್ಪೇಸ್ ಎಂದರೆ ನಾಲ್ಕು ಕೋಶ ವ್ಯರ್ಥ, ಟ್ಯಾಬ್ ಆದರೆ ಒಂದೇ ಕೋಶಕ್ಕೆ ಇಳಿಸಿಕೊಳ್ಳಬಹುದು. ಅಗಲ ಓದುವವರ ಇಷ್ಟಕ್ಕೆ ಬಿಟ್ಟದ್ದು.

ಲ್ಯಾಬ್‌ಮೇಡಂ:
ಬ್ರೈಲ್ ವಿಷಯ ಯೋಚಿಸಿಯೇ ಇರಲಿಲ್ಲ. ಆದರೆ ಜೇಸನ್‌ನಂಥದೇ ಇನ್ನೊಂದು ಪಠ್ಯರೂಪವಾದ ಯಾಮಲ್‌ನಲ್ಲಿ ಇಂಡೆಂಟ್‌ಗೆ ಟ್ಯಾಬ್ ನಿಷಿದ್ಧ, ಅಲ್ಲಿ ಇಷ್ಟದ ಮಾತೇ ಇಲ್ಲ. ಪೈಥಾನ್ 3 ಕೂಡ ಎರಡನ್ನೂ ಗೊಂದಲವಾಗುವಂತೆ ಬೆರೆಸಿದರೆ ಟ್ಯಾಬ್‌ಎರರ್ ಎಂದು ನಿಲ್ಲುತ್ತದೆ.

ಅಡಕೆತೋಟ:
ನನ್ನ ಕೊನೆಯ ಪ್ರಶ್ನೆ ಎಲ್ಲರ ಗಲಾಟೆಯಲ್ಲಿ ಕಳೆದುಹೋಯಿತು. ಕನ್ನಡ ಪದದ ಆಯ್ಕೆ? ಡೌನ್‌ಲೋಡ್ ಎಂಬ ಪದದ ಮೇಲೆ ನಿಂತು ವಿ, ಐ, ಡಬ್ಲ್ಯು ಒತ್ತಿದರೆ ಡೌನ್ ಮಾತ್ರ ಆಯ್ಕೆಯಾಗುತ್ತದೆ. ಕಡತ, ಉಳಿಸಿ ಎಂಬಂಥ ಪದಗಳು ಇಡಿಯಾಗಿ ಸಿಗುತ್ತವೆ.

ಒತ್ತಕ್ಷರ:
ಕೊನೆಗೂ ನನ್ನ ವಿಷಯ ಬಂತು. ಡೌನ್ ಮತ್ತು ಲೋಡ್ ನಡುವೆ ನಿಮಗೆ ಕಾಣದ ಒಂದು ಅಕ್ಷರವಿದೆ, ಶೂನ್ಯ ಅಗಲದ ನಾನ್‌ಜಾಯ್ನರ್. ಯುನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ಅದಿಲ್ಲದಿದ್ದರೆ ನ್ ಮತ್ತು ಲೋ ಸೇರಿ ಲಕಾರ ನಕಾರದ ಒತ್ತಾಗಿಬಿಡುತ್ತದೆ. ಓದುವವರಿಗೆ ಅದು ಪದದ ಭಾಗ. ವಿಮ್ ಮಾತ್ರ ಅದನ್ನು ವಿರಾಮಚಿಹ್ನೆಗಳ ಗುಂಪಿಗೆ ಸೇರಿಸಿದೆ. ಹಾಗಾಗಿ ಪದ ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತದೆ. ಸಾಫ್ಟ್‌ವೇರ್, ಲಾಗ್‌ಇನ್, ರಾಜ್‌ಕುಮಾರ್, ಎಲ್ಲಕ್ಕೂ ಇದೇ ಗತಿ.

ಎರಡು ದಾರಿ ಇವೆ. ಸಾಮಾನ್ಯ ಪಠ್ಯದಲ್ಲಿ ಚಿಕ್ಕ ಡಬ್ಲ್ಯು ಬದಲು ದೊಡ್ಡಕ್ಷರದ ಡಬ್ಲ್ಯು ಬಳಸಿ. ಅದು ಸ್ಪೇಸ್‌ನಿಂದ ಸ್ಪೇಸ್‌ವರೆಗೆ ಹಿಡಿಯುತ್ತದೆ. ಜೇಸನ್‌ನಲ್ಲಿ ಅದು ಉದ್ಧರಣ ಚಿಹ್ನೆ, ಅಲ್ಪವಿರಾಮಗಳನ್ನೂ ಬಾಚಿಕೊಳ್ಳುತ್ತದೆ, ಆದ್ದರಿಂದ ಅಲ್ಲಿ ವಿ, ಐ ಒತ್ತಿ ಜೋಡಿ ಉದ್ಧರಣ ಚಿಹ್ನೆ ಒತ್ತಿ. ಉದ್ಧರಣೆಯೊಳಗಿನ ಅನುವಾದ ಪೂರ್ತಿ ಸಿಗುತ್ತದೆ. ಅನುವಾದಕರಿಗೆ ಬೇಕಾದದ್ದೂ ಅದೇ.

ಅಡಕೆತೋಟ:
ಅದ್ಭುತ! ವಿ ಬದಲು ಸಿ ಒತ್ತಿದರೆ ಹಳೆಯದನ್ನು ಅಳಿಸಿ ನೇರ ಬರೆಯಲೂಬಹುದು ಎಂದು ಈಗ ಗೊತ್ತಾಯಿತು.

ಚುಕ್ಕಿಚಂದ್ರ:
ವಿಎಸ್ ಕೋಡ್‌ನಲ್ಲಿ ಜೋಡಿ ಕ್ಲಿಕ್ ಮಾಡಿದರೆ ಡೌನ್‌ಲೋಡ್ ಇಡಿಯಾಗಿ ಸಿಗುತ್ತದೆ. ಅಲ್ಲಿ ಪದ ಒಡೆಯುವ ಚಿಹ್ನೆಗಳ ಪಟ್ಟಿಯಲ್ಲಿ ನಿಮ್ಮ 200ಸಿ ಇಲ್ಲ.

ಒತ್ತಕ್ಷರ:
ನಿಜ. ಆದರೆ ಅದೇ ವಿಎಸ್ ಕೋಡ್ ಜೇಸನ್‌ನ ಉದ್ಧರಣೆಯೊಳಗೆ ಆ ಅಕ್ಷರ ಇದ್ದ ಕಡೆಯೆಲ್ಲ ಚೌಕಟ್ಟು ಹಾಕಿ, ಇಲ್ಲಿ ಕಾಣದ ಅಕ್ಷರವಿದೆ ಎಂದು ಎಚ್ಚರಿಸುತ್ತದೆ. ಕಣ್ಣಿಗೆ ಕಾಣದಂತೆ ಕೋಡ್‌ನಲ್ಲಿ ತಂತ್ರ ಮಾಡುವವರನ್ನು ಹಿಡಿಯಲು 2021ರಲ್ಲಿ ತಂದ ಸೌಲಭ್ಯ. ಉದ್ದೇಶ ಒಳ್ಳೆಯದೇ, ಆದರೆ ಕನ್ನಡದ ಫೈಲ್ ತುಂಬ ಹಳದಿ ಚೌಕಗಳಾಗುತ್ತವೆ. ಯುನಿಕೋಡ್ ಹೈಲೈಟ್‌ನಲ್ಲಿ ಇನ್‌ವಿಸಿಬಲ್ ಕ್ಯಾರೆಕ್ಟರ್ಸ್ ಎಂಬುದನ್ನು ಆ ಪ್ರಾಜೆಕ್ಟ್‌ಗೆ ಮಾತ್ರ ಆಫ್ ಮಾಡಿಕೊಳ್ಳಬೇಕು.

ಲ್ಯಾಬ್‌ಮೇಡಂ:
ಹಾಗಿದ್ದರೆ ಕ್ಷ ಎಂಬ ಅಕ್ಷರದ ಮೇಲೆ ಎಕ್ಸ್ ಒತ್ತಿದರೆ ಅರ್ಧ ಮಾತ್ರ ಅಳಿಸುವುದೂ ಇದೇ ಕಾರಣಕ್ಕೋ?

ಒತ್ತಕ್ಷರ:
ಇಲ್ಲ ಮೇಡಂ, ಅದು ಬೇರೆ. ನಮ್ಮ ಕಣ್ಣಿಗೆ ಕ್ಷ ಒಂದೇ ಅಕ್ಷರ. ವಿಮ್‌ಗೆ ಅದು ಕ್ ಮತ್ತು ಷ. ಸ್ವರಚಿಹ್ನೆಯನ್ನೂ ವ್ಯಂಜನವನ್ನು ಅರ್ಧವಾಗಿಸುವ ವಿರಾಮವನ್ನೂ ಅದು ಹಿಂದಿನ ವ್ಯಂಜನಕ್ಕೆ ಅಂಟಿಸಿ ಎಣಿಸುತ್ತದೆ, ಮುಂದಿನ ವ್ಯಂಜನವನ್ನು ಮಾತ್ರ ಬೇರೆಯಾಗಿ. ಸ್ತ್ರೀ ಎಂಬಲ್ಲಿ ಕರ್ಸರ್ ಮೂರು ಹೆಜ್ಜೆ ಇಡುತ್ತದೆ: ಸ್, ತ್, ರೀ. ಯುನಿಕೋಡ್‌ನ ಅಕ್ಷರಗುಚ್ಛದ ನಿಯಮಗಳೂ ಹಾಗೆಯೇ ಇದ್ದವು. 2023ರ 15.1ನೇ ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಡೆಯಬಾರದು ಎಂಬ ನಿಯಮ ಬಂತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಕ್ಕೆ ಅದು ಅನ್ವಯಿಸಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ.

ಬಸವನಹುಳು:
ತೆಲುಗಿಗೆ ಇದೆ, ಕನ್ನಡಕ್ಕೆ ಇಲ್ಲವೇ? ಇನ್ನು ಈ ಚರ್ಚೆ ಬೇರೆ ದಿಕ್ಕಿಗೆ ಹೋಗುತ್ತದೆ.

ಒತ್ತಕ್ಷರ:
ಹೋಗಬಾರದು, ದಯವಿಟ್ಟು. ಉಪಯೋಗದ ಮಾತು ಹೇಳುತ್ತೇನೆ. ಕೀ ಎಂದು ಬರೆಯುವ ಬದಲು ಕಿ ಬರೆದುಬಿಟ್ಟರೆ, ಬ್ಯಾಕ್‌ಸ್ಪೇಸ್ ಒತ್ತಿದಾಗ ವಿಮ್ ಇಡೀ ಕಿ ಅಳಿಸುತ್ತದೆ. ಗುಡಿಸು ಮಾತ್ರ ಹೋಗಬೇಕು ಎಂದರೆ ಡೆಲ್‌ಕಂಬೈನ್ ಆನ್ ಮಾಡಿ. ಕನ್ನಡ ಹೆಚ್ಚು ಬರೆಯುವವರಿಗೆ ಇದು ವರ. ಆದರೆ ಆಗ ಎಕ್ಸ್ ಕೂಡ ಒಂದೊಂದೇ ಚಿಹ್ನೆಯನ್ನು ಅಳಿಸುತ್ತದೆ ಎಂಬುದು ನೆನಪಿರಲಿ.

ಕಂಟ್ರೋಲ್-ವಿ ಕಂಬದ ಆಯ್ಕೆಯನ್ನು ಕನ್ನಡದ ಮೇಲೆ ನಂಬಬೇಡಿ. ಟರ್ಮಿನಲ್ ಎಂದರೆ ಸಮ ಅಗಲದ ಕೋಶಗಳ ಹಾಳೆ. ಣ, ಖ, ಝ ಎಲ್ಲವನ್ನೂ ಒಂದೇ ಅಗಲಕ್ಕೆ ತುರುಕಬೇಕು, ಸ್ವರಚಿಹ್ನೆಗೆ ಎಷ್ಟು ಅಗಲ ಎಂಬುದರಲ್ಲಿ ಟರ್ಮಿನಲ್‌ಗೂ ಎಡಿಟರ್‌ಗೂ ಒಮ್ಮತವಿಲ್ಲ. ಕರ್ಸರ್ ಒಂದು ಕಡೆ, ಅಳಿಸುವುದು ಇನ್ನೊಂದು ಕಡೆ.

ಬಸವನಹುಳು:
ಈಗ ನನ್ನ ಸರದಿ. ಈಮ್ಯಾಕ್ಸ್‌ನ ಕಿಟಕಿಯಲ್ಲಿ ಈ ಸಂಕಟ ಬಹಳ ಕಡಿಮೆ. 27ನೇ ಆವೃತ್ತಿಯಿಂದ ಅಕ್ಷರ ಜೋಡಿಸುವ ಕೆಲಸ ಹಾರ್ಫ್‌ಬಜ್‌ನದು, ಒತ್ತುಗಳು ಸರಿಯಾಗಿ ಕೂರುತ್ತವೆ. ಕಂಟ್ರೋಲ್-ಎಚ್ ನಂತರ ಎಚ್ ಒತ್ತಿದರೆ ಬರುವ ಹಲೋ ಪುಟದಲ್ಲಿ ಕನ್ನಡದ ನಮಸ್ಕಾರವೂ ಇದೆ. ಬರೆಯಲು, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡಿಸುವ ಕನ್ನಡ ಐಟ್ರಾನ್ಸ್ ಒಳಗೇ ಇದೆ.

ಹಳೆಯಟರ್ಮಿನಲ್:
ಒಪ್ಪಿದೆ. ಕನ್ನಡ ಗದ್ಯ ಬರೆಯಲು ನಾನೂ ವಿಮ್ ಬಳಸುವುದಿಲ್ಲ. ಕೋಡ್‌ಗೆ ಮಾತ್ರ ಬಿಡುವುದಿಲ್ಲ. 2023ರ ಆಗಸ್ಟ್‌ನಲ್ಲಿ ವಿಮ್ ಬರೆದ ಬ್ರಾಮ್ ಮೊಲೆನಾರ್ ತೀರಿಕೊಂಡಾಗ ಮತ್ತೊಮ್ಮೆ ಹೆಲ್ಪ್ ಉಗಾಂಡಾ ಪುಟ ತೆರೆದು ಓದಿದ್ದೆ. ತಂತ್ರಾಂಶ ಉಚಿತ, ಇಷ್ಟವಾದರೆ ಉಗಾಂಡದ ಮಕ್ಕಳಿಗೆ ನೆರವು ನೀಡಿ ಎಂದಷ್ಟೇ ಕೇಳಿದ ಮನುಷ್ಯ.

ನೋಟ್‌ಪ್ಯಾಡ್‌ಪ್ರೇಮಿ:
ವಿಷಯಾಂತರಕ್ಕೆ ಕ್ಷಮೆ ಇರಲಿ, ಕನ್ನಡದ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ನಮ್ಮ ಸಂಘದ ಹಳೆಯ ವರದಿಗಳು ಯುನಿಕೋಡ್‌ಗಿಂತ ಮುಂಚಿನ ಕನ್ನಡ ಫಾಂಟ್‌ನಲ್ಲಿವೆ. ಯಾವ ಎಡಿಟರ್‌ನಲ್ಲಿ ತೆರೆದರೂ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ. ಎನ್‌ಕೋಡಿಂಗ್ ಮೆನುವಿನಲ್ಲಿರುವುದನ್ನೆಲ್ಲ ಒತ್ತಿಯಾಯಿತು.

ಒತ್ತಕ್ಷರ:
ಎನ್‌ಕೋಡಿಂಗ್ ಬದಲಾಯಿಸಿ ಪ್ರಯೋಜನವಿಲ್ಲ. ಆ ಫೈಲ್‌ನಲ್ಲಿ ಇರುವುದೇ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳು. ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಚಿತ್ರಿಸುತ್ತಿತ್ತು ಅಷ್ಟೇ. ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಯುನಿಕೋಡ್ ಮಾಡಿಸಿಕೊಳ್ಳಿ. ಯಾವ ಫಾಂಟ್ ಎಂದು ಸರಿಯಾಗಿ ತಿಳಿಸಬೇಕು, ಒಂದೊಂದರ ಹೊಂದಾಣಿಕೆ ಒಂದೊಂದು ಥರ.

ನೋಟ್‌ಪ್ಯಾಡ್‌ಪ್ರೇಮಿ:
ಮಾಡಿಸಿದ ಮೇಲೆ ಎಲ್ಲ ಸರಿ ಬಂದಿದೆ ಎಂದು ತಿಳಿಯುವುದು ಹೇಗೆ? ನೂರಾರು ಪುಟ ಇವೆ.

ಒತ್ತಕ್ಷರ:
ಅರ್ಕಾವತ್ತು ನೋಡಿ. ಹಳೆಯ ಫೈಲ್‌ನಲ್ಲಿ ಅದು ಕಾಣುವ ಕ್ರಮದಲ್ಲೇ, ಅಕ್ಷರದ ನಂತರ ಕೂತಿರುತ್ತದೆ. ಯುನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಪರಿವರ್ತಕಗಳು ಎಡವುವುದು ಹೆಚ್ಚಾಗಿ ಅಲ್ಲೇ. ಕರ್ನಾಟಕ, ಸೂರ್ಯ, ವರ್ಷ, ಕಾರ್ಯದರ್ಶಿ ಎಂದು ಹುಡುಕಿ ನೋಡಿ. ಸಂಘದ ವರದಿಯಲ್ಲಿ ಕಾರ್ಯದರ್ಶಿ ಸಿಗದೇ ಹೋದರೆ ಪರಿವರ್ತನೆ ಕೆಟ್ಟಿದೆ ಎಂದೇ ಅರ್ಥ.